ಸರ್ವೋ ವೈರಿಗೆ ಕತ್ತರಿ ಹಾಕಬೇಕೇ?

ಭತ್ತದ ಗದ್ದೆ ಕೊಯ್ಲಾಗಿ, ಗೋವಿನಜೋಳವೂ ಹೊಲ ಬಿಟ್ಟು ಮನೆ ಸೇರಿತೆಂದರೆ ಪಾಳಾ, ಮುಂಡಗೋಡ ಕಡೆಯಿಂದ ನನಗೆ ಒಂದೇ ನಮೂನೆಯ ಫೋನುಗಳು ಶುರುವಾಗುತ್ತವೆ. ಬಯಲು ಖಾಲಿಯಾದ ಕೂಡಲೇ ಥರ್ಮಾಕೋಲಿನ, ಸನ್‌ಬೋರ್ಡಿನ ವಿಮಾನಗಳು ಅಟ್ಟದಿಂದ ಕೆಳಗಿಳಿಯುತ್ತವಲ್ಲ, ಅದರ ಪರಿಣಾಮ. "ಸರ್, ಸರ್ವೋ ವೈರು ಭಾಳ ಉದ್ದ ಆಗೇತ್ರಿ, ಕಟ್ ಮಾಡ್ಲೇನ್ರಿ?" ಕೇಳುವವರು ಹೆಚ್ಚಾಗಿ ಹಳಿಯಾಳದಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಓದುತ್ತ ರಜೆಗೆ ಊರಿಗೆ ಬಂದ ಹುಡುಗರು. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ರುಚಿ ಹತ್ತಿಸಿಕೊಂಡವರೂ ಇದ್ದಾರೆ. ಈಚೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳ ಮೇಷ್ಟ್ರುಗಳೂ ಸೇರಿಕೊಂಡಿದ್ದಾರೆ. ಅವರ ಕೈಯಲ್ಲಿರುವುದು ವಿಮಾನವಲ್ಲ, ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಕಟ್ಟಿದ ರೋಬೋ ತೋಳು. ಆದರೆ ಒಳಗಿನ ಸರ್ವೋ ಅದೇ, ಜೋತಾಡುವ ವೈರೂ ಅದೇ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಮಾಡೆಲುಗಳಲ್ಲಿ ಕತ್ತರಿಸುವುದು ಬೇಡ. ಕತ್ತರಿಸಲೇಬೇಕಾದ ಕೆಲವು ಕಡೆ ಇವೆ, ಅಲ್ಲಿ ಪ್ಲಗ್ಗಿನ ತುದಿಯಿಂದ ಕತ್ತರಿಸಿ ಹೊಸ ಪಿನ್ನು ಹಾಕಿ. ಫೋನಿನಲ್ಲಿ ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ಯಾಕೆ ಎಂಬುದು ಬೇಕು, ಅದಕ್ಕೆ ಈ ವಾರದ ಅಂಕಣ.

ಸರ್ವೋ ಕಾಣದವರಿಗಾಗಿ ಎರಡು ಮಾತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಡಬ್ಬಿ, ಅದರ ನೆತ್ತಿಯ ಮೇಲೆ ತಿರುಗುವ ಒಂದು ಪುಟ್ಟ ತೋಳು. ಒಳಗೆ ಸಣ್ಣ ಮೋಟಾರು, ಹಲ್ಲಿನ ಚಕ್ರಗಳು, ತೋಳು ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಶಿಯೋಮೀಟರ್, ಇವನ್ನೆಲ್ಲ ನಡೆಸುವ ಸರ್ಕ್ಯೂಟ್ ಬೋರ್ಡು. ವಿಮಾನದ ಬಾಲದ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸುವುದು, ಕಾರಿನ ಮುಂದಿನ ಚಕ್ರ ಹೊರಳಿಸುವುದು ಎಲ್ಲ ಇದರ ಕೆಲಸ. ನಮ್ಮ ಹುಡುಗರು ಹೆಚ್ಚಾಗಿ ಬಳಸುವುದು ಎಸ್‌ಜಿ 90 ಎಂಬ 9 ಗ್ರಾಂ ತೂಕದ ಸರ್ವೋ. ಅದರ ವೈರು ಒಂದು ಗೇಣಿಗಿಂತ ತುಸು ಹೆಚ್ಚು, ಸುಮಾರು 25 ಸೆಂಟಿಮೀಟರ್. ದೊಡ್ಡ ಸರ್ವೋಗಳಿಗೆ 30 ಸೆಂಟಿಮೀಟರ್ ಇರುವುದುಂಟು.

ಆ ವೈರಿನಲ್ಲಿ ಮೂರು ಎಳೆಗಳು. ಎಸ್‌ಜಿ 90ರಲ್ಲಿ ಕಂದು, ಕೆಂಪು, ಕಿತ್ತಳೆ. ಫುಟಾಬಾ ಕಂಪನಿಯದಾದರೆ ಕಪ್ಪು, ಕೆಂಪು, ಬಿಳಿ. ಹೈಟೆಕ್ ಆದರೆ ಕಪ್ಪು, ಕೆಂಪು, ಹಳದಿ. ಬಣ್ಣ ಯಾವುದೇ ಇರಲಿ, ಕಡುಬಣ್ಣದ್ದು ನೆಗೆಟಿವ್, ನಡುವಿನ ಕೆಂಪು ಪಾಸಿಟಿವ್, ತಿಳಿಬಣ್ಣದ್ದು ಸಿಗ್ನಲ್. ಪಾಸಿಟಿವ್ ಅನ್ನು ನಡುವೆ ಇಟ್ಟಿರುವುದರಲ್ಲಿ ಜಾಣತನವಿದೆ. ಪ್ಲಗ್ಗು ತಿರುಗಾಮುರುಗಾ ಚುಚ್ಚಿದರೂ ಕೆಂಪು ಕೆಂಪಿಗೇ ಸೇರುತ್ತದೆ, ಸರ್ವೋ ಸುಮ್ಮನೆ ಕೂರುತ್ತದೆ, ಸುಟ್ಟುಹೋಗುವುದಿಲ್ಲ. ಸಿಗ್ನಲ್ ಎಳೆಯಲ್ಲಿ, ರೇಡಿಯೋದ ಆಜ್ಞೆ ಹಿಡಿಯುವ ರಿಸೀವರಿನಿಂದ ಸೆಕೆಂಡಿಗೆ 50 ಸಲ ಚಿಕ್ಕ ಚಿಕ್ಕ ಮಿಡಿತಗಳು ಬರುತ್ತವೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ತೋಳು ನಡುವೆ, 1 ಮಿಲಿಸೆಕೆಂಡ್ ಆದರೆ ಒಂದು ಪಕ್ಕ, 2 ಆದರೆ ಇನ್ನೊಂದು ಪಕ್ಕ. ಸರ್ವೋಗೆ ಬೇಕಾದ ಸುದ್ದಿ ಇರುವುದು ಮಿಡಿತದ ಅವಧಿಯಲ್ಲಿ. ವೈರು ಗೇಣುದ್ದ ಇದ್ದರೂ ಬೆರಳುದ್ದ ಇದ್ದರೂ ಆ ಅವಧಿ ಬದಲಾಗುವುದಿಲ್ಲ. ಹಾಗಾಗಿ ಗಿಡ್ಡ ವೈರಿನ ಸರ್ವೋ ಚುರುಕಾಗಿ ತಿರುಗುತ್ತದೆ ಎಂಬ ಮಾತನ್ನು ಇಲ್ಲಿಗೇ ಬಿಡಬಹುದು.

ಹಾಗಾದರೆ ಯಾಕೆ ಕತ್ತರಿಸಬೇಕು ಅನ್ನುತ್ತಾರೆ? ಕೇಳಿದರೆ ಮೊದಲು ಬರುವುದು ತೂಕದ ಮಾತು. ತೂಕವನ್ನು ಲೆಕ್ಕ ಹಾಕಿಯೇ ನೋಡೋಣ. ಇಂಥ ಸಣ್ಣ ಸರ್ವೋಗಳಲ್ಲಿ ಇರುವುದು 28 ಗೇಜಿನ ಆಸುಪಾಸಿನ ವೈರು. ಆ ಗೇಜಿನ ತಾಮ್ರ ಒಂದು ಮೀಟರಿಗೆ 0.72 ಗ್ರಾಂ ತೂಗುತ್ತದೆ. ಮೂರು ಎಳೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲ ಸೇರಿಸಿದರೂ ಮೀಟರಿಗೆ ನಾಲ್ಕೈದು ಗ್ರಾಂ. ನೀವು 10 ಸೆಂಟಿಮೀಟರ್ ಕತ್ತರಿಸಿದಿರಿ ಅನ್ನಿ, ಉಳಿದದ್ದು ಅರ್ಧ ಗ್ರಾಂ. ನಾಲ್ಕು ಸರ್ವೋಗೂ ಅಷ್ಟಷ್ಟೇ ಕತ್ತರಿಸಿದರೆ 2 ಗ್ರಾಂ, ಅದರಲ್ಲಿ ಬೆಸುಗೆಯ ಸೀಸ, ಮೇಲಿನ ಸ್ಲೀವು ಎಂದು ಸ್ವಲ್ಪ ವಾಪಸು ಬರುತ್ತದೆ. ಮುಕ್ಕಾಲು ಕಿಲೋ ತೂಗುವ ವಿಮಾನಕ್ಕೆ ಇದು ಯಾವ ಲೆಕ್ಕ? ರೆಕ್ಕೆ ಅಂಟಿಸುವಾಗ ಧಾರಾಳವಾಗಿ ಸುರಿದ ಹಾಟ್ ಗ್ಲೂ ಇದರ ಹತ್ತು ಪಟ್ಟು ತೂಗುತ್ತದೆ. ಅದರ ಬಗ್ಗೆ ಮಾತ್ರ ಒಬ್ಬನೂ ಫೋನು ಮಾಡಿಲ್ಲ.

ಕರೆಂಟು ನಷ್ಟವಾಗುತ್ತದೆ ಎನ್ನುವವರಿಗೂ ಲೆಕ್ಕವೇ ಉತ್ತರ. 28 ಗೇಜಿನ ವೈರಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. 10 ಸೆಂಟಿಮೀಟರ್ ಕತ್ತರಿಸಿದರೆ ಹೋಗುವ ದಾರಿ, ಬರುವ ದಾರಿ ಸೇರಿ 20 ಸೆಂಟಿಮೀಟರ್ ಕಡಿಮೆಯಾಯಿತು, ಅಂದರೆ 0.04 ಓಮ್. ಸರ್ವೋ ಅರ್ಧ ಆಂಪಿಯರ್ ಎಳೆಯುವಾಗ ಇದರಿಂದ ಉಳಿಯುವುದು 0.02 ವೋಲ್ಟ್. 5 ವೋಲ್ಟಿನಲ್ಲಿ ಅಷ್ಟು ಹೋದರೂ ಬಂದರೂ ಸರ್ವೋಗೆ ತಿಳಿಯದು. ಇದೇ ಲೆಕ್ಕ ಉದ್ದ ರೆಕ್ಕೆಯ ಮಾಡೆಲಿನಲ್ಲಿ ಬೇರೆಯಾಗುತ್ತದೆ ಎನ್ನುವುದು ನಿಜ. ಅಲ್ಲಿ ಒಂದು ಮೀಟರ್ ಎಕ್ಸ್‌ಟೆನ್ಶನ್ ಹಾಕಿ, ಸರ್ವೋ 1 ಆಂಪಿಯರ್ ಎಳೆದರೆ 0.4 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಅದಕ್ಕೆ ಮದ್ದು ಕತ್ತರಿಯಲ್ಲಿಲ್ಲ, ದಪ್ಪ ವೈರಿನಲ್ಲಿದೆ. 22 ಗೇಜು ಹಾಕಿದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ.

ತೂಕ ನಿಜವಾಗಿ ಕಾಡುವ ಮಾಡೆಲುಗಳು ಇಲ್ಲವೆಂದಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಗಳಾದ ಎನ್‌ಎಎಲ್‌ನವರು, ಎಡಿಇಯವರು ಬ್ಲ್ಯಾಕ್ ಕೈಟ್ ಎಂಬ ಪುಟಾಣಿ ವಿಮಾನ ಮಾಡಿದರು. ರೆಕ್ಕೆಯ ಹರವು 30 ಸೆಂಟಿಮೀಟರಿನ ಆಸುಪಾಸು, ಅಂದರೆ ಶಾಲೆಯ ಸ್ಕೇಲಿನಷ್ಟು. ಅಷ್ಟರೊಳಗೆ ಬ್ಯಾಟರಿ, ಕ್ಯಾಮೆರಾ, ಸರ್ವೋ ಎಲ್ಲ ಕೂರಬೇಕೆಂದಾಗ ಗ್ರಾಮು ಗ್ರಾಮಿಗೂ ಜಗಳವಾಗುತ್ತದೆ. ಹಾಲ್ ಒಳಗೆ ಹಾರಿಸುವ 40–50 ಗ್ರಾಮಿನ ಮಾಡೆಲುಗಳಿಗೂ ಇದೇ ನ್ಯಾಯ. ಅವರು ಸರ್ವೋ ಡಬ್ಬಿ ಬಿಚ್ಚಿ, ಇದ್ದ ವೈರು ಕಿತ್ತು, ಕೂದಲೆಳೆಯಂಥ ವೈರನ್ನು ನೇರ ಬೋರ್ಡಿಗೇ ಬೆಸೆಯುತ್ತಾರೆ. ಎಸ್‌ಎಇ ಇಂಡಿಯಾದ ಏರೋ ಡಿಸೈನ್ ಸ್ಪರ್ಧೆಗೆ ಹೋಗುವ ಕಾಲೇಜು ತಂಡಗಳು ಖಾಲಿ ವಿಮಾನದ ತೂಕ ಇಳಿಸಲು ಒದ್ದಾಡುವುದರಲ್ಲೂ ಅರ್ಥವಿದೆ, ಅಲ್ಲಿ ಅದಕ್ಕೆ ಅಂಕ ಸಿಗುತ್ತದೆ. ಪಾಳಾದ ಗದ್ದೆಬಯಲಿನಲ್ಲಿ ಸಂಜೆ ಹಾರಿಸುವವನಿಗೆ ಅಂಕ ಕೊಡುವವರು ಯಾರೂ ಇಲ್ಲ. ಬೇಲಿಯಾಚೆ ನಿಂತ ದನಗಳು, ಅವುಗಳನ್ನು ಕಾಯುವ ಅಜ್ಜ, ಇಷ್ಟೇ ಪ್ರೇಕ್ಷಕರು.

ತೂಕದ ವಿಷಯದಲ್ಲಿ ವೈರಿನ ಉದ್ದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಬಾಲದಲ್ಲಿ ಸರ್ವೋ ಇಟ್ಟ ವಿಮಾನವನ್ನೇ ತೆಗೆದುಕೊಳ್ಳಿ. ತೂಕದ ನಡುಬಿಂದುವಿನಿಂದ ಸರ್ವೋ 60 ಸೆಂಟಿಮೀಟರ್ ಹಿಂದಿದೆ, ಬ್ಯಾಟರಿ 15 ಸೆಂಟಿಮೀಟರ್ ಮುಂದಿದೆ ಎಂದಾದರೆ ಬಾಲದಲ್ಲಿ ಕೂತ 1 ಗ್ರಾಮಿಗೆ ಮೂಗಿನಲ್ಲಿ 4 ಗ್ರಾಂ ಹೇರಬೇಕಾಗುತ್ತದೆ. ಮಿಕ್ಕ ವೈರನ್ನು ಸುರುಳಿ ಸುತ್ತಿ ಬಾಲದಲ್ಲೇ ತುರುಕಿದರೆ ಈ ದಂಡ ಕಟ್ಟಬೇಕು. ಅದೇ ವೈರನ್ನು ಮುಂದಕ್ಕೆಳೆದು ರಿಸೀವರಿನ ಪಕ್ಕ ಮಡಚಿಟ್ಟರೆ ದಂಡ ಇಲ್ಲ. ಇನ್ನೂ ಮುಂದೆ, ಬ್ಯಾಟರಿಯ ಅಡಿಗೆ ತಳ್ಳಿದರೆ ಮೂಗಿಗೆ ಸೀಸದ ತುಂಡು ಅಂಟಿಸುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಇನ್ನು ಮೂರನೆಯ ಕಾರಣ. ಇದನ್ನು ಹುಡುಗರು ನಾಚುತ್ತ ಹೇಳುತ್ತಾರೆ: "ಒಳಗ ನೋಡಾಕ ಚಂದ ಕಾಣಂಗಿಲ್ರಿ." ನನ್ನ ಮಟ್ಟಿಗೆ ತೂಕ, ಕರೆಂಟುಗಳಿಗಿಂತ ಇದು ಗಟ್ಟಿ ಕಾರಣ. ಚಂದಕ್ಕಾಗಿ ಅಲ್ಲ, ಚಂದವಿಲ್ಲದ ಕಡೆ ಸಿಕ್ಕು ಇರುತ್ತದೆ, ಸಿಕ್ಕು ಇದ್ದಲ್ಲಿ ಸರ್ವೋ ತೋಳು ಸಿಕ್ಕಿಬೀಳುತ್ತದೆ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಗೋವಿನಜೋಳದ ಕೂಳೆ ಹೊಲದಿಂದ ವಿಮಾನ ಎಬ್ಬಿಸಿದ್ದ. ಎರಡು ಸುತ್ತು ಚೆನ್ನಾಗಿಯೇ ಬಂತು. ಮೂರನೆಯ ತಿರುವಿನಲ್ಲಿ ಮೂಗು ಕೆಳಗೆ ಹಾಕಿದ್ದು ಮತ್ತೆ ಎತ್ತಲಿಲ್ಲ. ಬಿದ್ದ ಜಾಗಕ್ಕೆ ಹೋಗಿ ಹೊಟ್ಟೆಯ ಮುಚ್ಚಳ ತೆಗೆದು ನೋಡಿದೆವು. ಮಿಕ್ಕ ವೈರನ್ನು ಸುರುಳಿ ಸುತ್ತಿ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದ. ಬಿಸಿಲಿಗೆ ಟೇಪಿನ ಅಂಟು ಬಿಟ್ಟು ಸುರುಳಿ ಬಿಚ್ಚಿಕೊಂಡು, ಅದರ ಒಂದು ಮಡಿಕೆ ಬಾಲದ ಪಟ್ಟಿ ಆಡಿಸುವ ಎಲಿವೇಟರ್ ಸರ್ವೋದ ತೋಳಿನಡಿ ಹೋಗಿ ಕೂತಿತ್ತು. ವೈರಿನ ಮೇಲೆ ತೋಳು ಕಚ್ಚಿದ ಗುರುತು ಸ್ಪಷ್ಟವಾಗಿತ್ತು, ಕಿತ್ತಳೆ ಎಳೆಯ ಹೊದಿಕೆ ಸುಲಿದು ತಾಮ್ರ ಇಣುಕುತ್ತಿತ್ತು. ಸರ್ವೋ ಮಾತ್ರ ಹೊಸದರಂತೆ ಇತ್ತು.

ಇದನ್ನು ನೋಡಿದವರು ಉದ್ದ ವೈರಿನಿಂದ ವಿಮಾನ ಬಿತ್ತು ಅನ್ನುತ್ತಾರೆ. ನಾನು ಹಾಗನ್ನುವುದಿಲ್ಲ, ಬೀಳಿಸಿದ್ದು ಟೇಪು. ವೈರನ್ನು ಸುರುಳಿ ಸುತ್ತದೆ ಹಾವಿನ ಹಾಗೆ ಅತ್ತಿತ್ತ ಮಡಚಿ, ನಡುವೆ ಹತ್ತಿ ದಾರದಿಂದ ಎರಡು ಸುತ್ತು ಕಟ್ಟಿದ್ದರೆ ಸಾಕಿತ್ತು. ಚಿಕ್ಕ ಕೇಬಲ್ ಟೈ ಆದರೂ ನಡೆಯುತ್ತದೆ, ಆದರೆ ಅದನ್ನು ಜೋರಾಗಿ ಬಿಗಿಯಬಾರದು, ಬಿಗಿದ ಕಡೆ ಎಳೆಗಳು ಒಳಗೊಳಗೇ ತುಂಡಾಗುತ್ತವೆ. ಥರ್ಮಾಕೋಲಿನ ಮಾಡೆಲಿನಲ್ಲಿ ಇನ್ನೂ ಸುಲಭದ ದಾರಿ ಇದೆ: ಬ್ಲೇಡಿನಿಂದ ಒಂದು ಸೀಳು ಹಾಕಿ ವೈರನ್ನು ಅದರೊಳಗೆ ಒತ್ತಿ ಕೂರಿಸುವುದು. ಸರ್ವೋದಿಂದ ಹೊರಬರುವಲ್ಲಿ ಮಾತ್ರ ಒಂದೆರಡು ಸೆಂಟಿಮೀಟರ್ ಸಡಿಲ ಬಿಡಿ. ಅಲ್ಲಿ ಎಳೆತ ಬಿದ್ದರೆ ಡಬ್ಬಿಯೊಳಗಿನ ಬೆಸುಗೆಯೇ ಕಿತ್ತು ಬರುತ್ತದೆ. ಮುಂದೊಂದು ದಿನ ಆ ಸರ್ವೋ ಬೇರೆ ಮಾಡೆಲಿಗೆ ಹೋಗುವುದು ಖಚಿತ, ನಮ್ಮ ಕಡೆ ಸರ್ವೋಗಳು ವಿಮಾನದಿಂದ ವಿಮಾನಕ್ಕೆ ದಾಟುತ್ತಲೇ ಬದುಕುತ್ತವೆ. ಕತ್ತರಿಸಿದ ವೈರಿಗೆ ಆಗ ಎಕ್ಸ್‌ಟೆನ್ಶನ್ ಹುಡುಕಬೇಕು. ಶಾಲೆಯ ರೋಬೋ ತೋಳಿಗೂ ನಾನು ಇದನ್ನೇ ಹೇಳುವುದು. ಮುಂದಿನ ವರ್ಷದ ಮಕ್ಕಳು ಅದೇ ಸರ್ವೋದಲ್ಲಿ ಇನ್ನೇನೋ ಕಟ್ಟುತ್ತಾರೆ, ಅವರಿಗೆ ವೈರು ಉಳಿಸಿ.

ಇಷ್ಟಾದರೂ ಕತ್ತರಿಸಲೇಬೇಕಾದ ಜಾಗಗಳಿವೆ. ತೆಳು ರೆಕ್ಕೆಯಲ್ಲಿ ಮಡಚಿಡಲು ಎಡೆಯೇ ಇರುವುದಿಲ್ಲ. ಬೆರಳೂ ಹೋಗದಷ್ಟು ಸಪೂರ ಹೊಟ್ಟೆಯ ಗ್ಲೈಡರಿನಲ್ಲಿ ನಾಲ್ಕು ಪ್ಲಗ್ಗು, ನಾಲ್ಕು ಮಡಿಕೆ ಸೇರಿದರೆ ಬ್ಯಾಟರಿಗೆ ಜಾಗ ಸಾಲುವುದಿಲ್ಲ. ಅಂಥಲ್ಲಿ ಪ್ಲಗ್ಗಿನ ತುದಿಯಿಂದ ಕತ್ತರಿಸಿ ಎಂದೆನಲ್ಲ, ಅದು ಹೀಗೆ. ಸರ್ವೋ ಅದರ ಜಾಗದಲ್ಲಿ ಕೂರಿಸಿ, ರಿಸೀವರನ್ನೂ ಅದರ ಜಾಗದಲ್ಲಿ ಇಟ್ಟು, ವೈರನ್ನು ಅದು ಹೋಗುವ ದಾರಿಯಲ್ಲೇ ಹಾಸಿ ಅಳೆಯಿರಿ. ಬಂದ ಅಳತೆಗೆ ಮೂರು ಬೆರಳಿನಷ್ಟು ಸೇರಿಸಿ ಗುರುತು ಹಾಕಿ. ಮೊದಲ ಸಲ ಪಿನ್ನು ಸರಿ ಕೂರದಿದ್ದರೆ ಮತ್ತೆ ಕತ್ತರಿಸಲು ವೈರು ಬೇಕಲ್ಲ.

ಪಿನ್ನು ಹಾಕುವ ಕೆಲಸ ನೋಡಲು ಚಿಲ್ಲರೆ, ಮಾಡಲು ತಾಳ್ಮೆ ಬೇಡುತ್ತದೆ. ಪ್ಲಗ್ಗಿನ ಮೈಮೇಲೆ ಮೂರು ಪುಟ್ಟ ಪ್ಲಾಸ್ಟಿಕ್ ನಾಲಿಗೆಗಳಿರುತ್ತವೆ. ಸೂಜಿಯಿಂದ ಒಂದನ್ನು ಮೆಲ್ಲಗೆ ಎತ್ತಿ ವೈರು ಎಳೆದರೆ ಪಿನ್ನು ಸಮೇತ ಹೊರಬರುತ್ತದೆ. ಆ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಅದರ ಹಿಂಭಾಗದಲ್ಲಿ ಎರಡು ಜೊತೆ ರೆಕ್ಕೆಗಳಿವೆ. ಮುಂದಿನ ಜೊತೆ ಬರಿಯ ತಾಮ್ರವನ್ನು ಅಪ್ಪಿಕೊಂಡಿರುತ್ತದೆ, ಹಿಂದಿನ ಜೊತೆ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದಿರುತ್ತದೆ. ಕರೆಂಟು ಸಾಗಿಸುವುದು ಮೊದಲನೆಯದು, ಎಳೆತ ತಡೆಯುವುದು ಎರಡನೆಯದು. ಹೊಸ ಪಿನ್ನು ಹಾಕುವಾಗ ಎರಡೂ ತಮ್ಮ ತಮ್ಮ ಜಾಗ ಹಿಡಿಯಬೇಕಾದರೆ ವೈರಿನ ಹೊದಿಕೆಯನ್ನು ಎರಡು, ಎರಡೂವರೆ ಮಿಲಿಮೀಟರಿನಷ್ಟೇ ಸುಲಿಯಬೇಕು. ಹೆಚ್ಚು ಸುಲಿದರೆ ಹಿಂದಿನ ರೆಕ್ಕೆಗೆ ತಾಮ್ರವೇ ಸಿಗುತ್ತದೆ, ಕಡಿಮೆ ಸುಲಿದರೆ ಮುಂದಿನ ರೆಕ್ಕೆ ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ. ಎರಡನೆಯದು ಮೋಸದ್ದು. ಹೊರಗಿಂದ ನೋಡಿದರೆ ಎಲ್ಲ ಸರಿ ಕಾಣುತ್ತದೆ, ಮನೆಯಲ್ಲಿ ಸರ್ವೋ ತಿರುಗುತ್ತದೆ, ಮೋಟಾರಿನ ನಡುಕ ಶುರುವಾದ ಮೇಲೆ ಆಟ ತೋರಿಸುತ್ತದೆ.

ಇದಕ್ಕೆ ಕ್ರಿಂಪಿಂಗ್ ಟೂಲ್ ಇರಲೇಬೇಕು. ಸಾದಾ ಪಕ್ಕಡದಲ್ಲಿ ಒತ್ತಿದರೆ ರೆಕ್ಕೆಗಳು ಚಪ್ಪಟೆಯಾಗುತ್ತವೆಯೇ ಹೊರತು ಒಳಮುಖವಾಗಿ ಸುರುಳಿಗೊಂಡು ಎಳೆಗಳನ್ನು ಹಿಡಿಯುವುದಿಲ್ಲ. ಒಬ್ಬನೇ ಕೊಳ್ಳುವುದು ದುಬಾರಿಯೆನಿಸಿದರೆ ನಾಲ್ಕು ಜನ ಸೇರಿ ತರಿಸಿಕೊಳ್ಳಿ, ದಿನಾ ಬೇಕಾಗುವ ಸಾಮಾನೇನಲ್ಲ. ಇನ್ನೊಂದು ಚಾಳಿ ಬಿಡಬೇಕು: ಪಿನ್ನು ಒತ್ತುವ ಮೊದಲು ಎಳೆಗಳಿಗೆ ಸೀಸ ಸವರುವುದು. ಗಟ್ಟಿಯಾಗಲಿ ಎಂದು ಮಾಡುತ್ತಾರೆ. ಸೀಸ ಎಳೆಗಳ ಸಂದಿಯಲ್ಲಿ ಹೊದಿಕೆಯೊಳಗೂ ಹತ್ತಿ, ಬಳುಕಬೇಕಾದ ವೈರನ್ನು ಕಡ್ಡಿ ಮಾಡಿಬಿಡುತ್ತದೆ. ಕಡ್ಡಿಯಾದ ಭಾಗ ಎಲ್ಲಿ ಮುಗಿಯುತ್ತದೋ ಅಲ್ಲಿಗೇ ನಡುಕದಲ್ಲಿ ವೈರು ಮುರಿಯುತ್ತದೆ. ಪಿನ್ನು ಕೂತ ಮೇಲೆ ಒಂದೊಂದೇ ಎಳೆಯನ್ನು ಹಿಡಿದು ಎಳೆದು ನೋಡಿ. ಬರುವುದಿದ್ದರೆ ನಿಮ್ಮ ಮೇಜಿನ ಮೇಲೆಯೇ ಬರಲಿ.

ಟೂಲು ಸಿಗದವರು ವೈರಿನ ನಡುವೆ ಕತ್ತರಿಸಿ ಬೆಸೆಯುತ್ತಾರೆ, ಅದೂ ಆಗದ ಕೆಲಸವೇನಲ್ಲ. ಆದರೆ ಮೂರೂ ಎಳೆಗಳನ್ನು ಒಂದೇ ಏಟಿಗೆ, ಒಂದೇ ಜಾಗದಲ್ಲಿ ಕತ್ತರಿಸಬೇಡಿ. ಒಂದೊಂದು ಎಳೆಯ ಜೋಡಣೆ ಒಂದೊಂದು ಜಾಗದಲ್ಲಿ, ಬೆರಳಗಲ ಅಂತರದಲ್ಲಿ ಬರಬೇಕು. ಸ್ಲೀವು ಜಾರಿದರೂ ಆಗ ಕೆಂಪಿಗೆ ಕಪ್ಪು ತಾಗುವುದಿಲ್ಲ, ಮೂರು ಗಂಟು ಒಂದೇ ಕಡೆ ಸೇರಿ ಉಬ್ಬುವುದೂ ಇಲ್ಲ. ಹೀಟ್ ಶ್ರಿಂಕ್ ಸ್ಲೀವನ್ನು ಬೆಸೆಯುವ ಮೊದಲೇ ಪೋಣಿಸಿ, ಕಾವಿನಿಂದ ಆದಷ್ಟು ದೂರ ಸರಿಸಿಟ್ಟುಕೊಳ್ಳಿ. ಆಮೇಲೆ ಅದನ್ನು ಬೆಂಕಿಕಡ್ಡಿಯಲ್ಲಿ ಸುಡುವ ಬದಲು ಸೋಲ್ಡರಿಂಗ್ ಕಡ್ಡಿಯ ಪಕ್ಕದ ಕಾವಿನಲ್ಲೇ ಕುಗ್ಗಿಸಬಹುದು. ಸಪೂರ ತುದಿಯ ಕಡ್ಡಿ ಮನೆಯಲ್ಲಿ ಇಲ್ಲದಿದ್ದರೆ ಊರಿನ ಮೊಬೈಲ್ ರಿಪೇರಿಯವನನ್ನು ಕೇಳಿ, ಅವನ ಕೈ ನಮ್ಮ ನಿಮ್ಮ ಕೈಗಿಂತ ಪಳಗಿರುತ್ತದೆ.

ಪಂಪ್‌ಸೆಟ್ಟಿನ ಕೆಲಸ ಕಲಿತ ಮನೆಗಳ ಹುಡುಗರಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ಸ್ಟಾರ್ಟರಿನ ಹತ್ತಿರ ವೈರು ತುಂಡಾದರೆ ಎರಡು ತುದಿ ಸುಲಿದು, ಹುರಿ ಮಾಡಿ, ಕಪ್ಪು ಟೇಪು ಸುತ್ತಿ ಮುಗಿಸುವುದು ನಮ್ಮಲ್ಲಿ ರೂಢಿ. ದಪ್ಪ ವೈರಿನಲ್ಲಿ ಅದು ಹೇಗೋ ನಡೆಯುತ್ತದೆ. ಇಲ್ಲಿ ಕೂದಲಿನಷ್ಟು ಸಣ್ಣ ಎಳೆಗಳು, ಮೇಲಿಂದ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮೋಟಾರಿನ ನಡುಕ. ಬರಿ ಹುರಿ ಒಂದು ಹಾರಾಟ ತಾಳೀತು, ಎರಡು ತಾಳೀತು. ಹಾಗೆಯೇ ಬೆಸುಗೆಗೆ ಆ್ಯಸಿಡ್ ಇರುವ ಪೇಸ್ಟು ಬಳಸಬೇಡಿ, ಅದು ತಗಡಿನ ಕೆಲಸದವರದು. ರೋಸಿನ್ ಇರುವ ಸೋಲ್ಡರ್ ವೈರೇ ಸಾಕು. ಮಳೆಗಾಲ ಪೂರ್ತಿ ಅಟ್ಟದ ತಂಪಿನಲ್ಲಿ ಕೂತ ವಿಮಾನವನ್ನು ದೀಪಾವಳಿ ಕಳೆದು ಬಿಚ್ಚಿ ನೋಡಿದರೆ ಆ್ಯಸಿಡ್ ತಾಗಿದ ಜೋಡಣೆಗಳೆಲ್ಲ ಹಸಿರು ಕಿಲುಬು ಹಿಡಿದು ಕೂತಿರುತ್ತವೆ.

ಕತ್ತರಿ ಕೈಗೆ ಬಂದಾಗ ಪಕ್ಕದ ವೈರಿಗೂ ಹಾಕುವ ಆಸೆ ಹುಟ್ಟುತ್ತದೆ, ಅದಕ್ಕೇ ಇದನ್ನೂ ಹೇಳುತ್ತೇನೆ. ರಿಸೀವರಿನಿಂದ ಹೊರಟ ಸಪೂರ ವೈರು ಆಂಟೆನಾ. ಈಗಿನ 2.4 ಗಿಗಾಹರ್ಟ್ಸ್ ರಿಸೀವರುಗಳಲ್ಲಿ ಅದರ ತುದಿಯಲ್ಲಿ ಸುಮಾರು 31 ಮಿಲಿಮೀಟರ್ ಬರಿಯ ಭಾಗ ಇರುತ್ತದೆ. ಆ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅದರ ಕಾಲು ಭಾಗ ಎಂದು ಲೆಕ್ಕ ಹಾಕಿಯೇ ಬಿಟ್ಟ ಅಳತೆ ಅದು. ಹಳೆಯ 72 ಮೆಗಾಹರ್ಟ್ಸ್ ಸೆಟ್ಟುಗಳಲ್ಲಿ ಒಂದು ಮೀಟರಿನಷ್ಟು ಉದ್ದದ ಬಾಲ ಜೋತಾಡುತ್ತಿದ್ದುದೂ ಇದೇ ಲೆಕ್ಕಕ್ಕೆ. ಆಂಟೆನಾ ಕತ್ತರಿಸಿದವನು ತನ್ನ ವಿಮಾನದ ಕಿವಿ ಕತ್ತರಿಸಿದ ಹಾಗೆ. ಬ್ರಷ್‌ಲೆಸ್ ಮೋಟಾರಿನ ಮೂರು ವೈರುಗಳೂ ಹಾಗೆ ಕೈ ಹಾಕುವಂಥವಲ್ಲ. ಎಷ್ಟೋ ಮೋಟಾರುಗಳಲ್ಲಿ ಅವು ಒಳಗಿನ ಸುತ್ತಿನ ತಂತಿಯೇ ಹೊರಗೆ ಬಂದಿರುವುದು. ಅದರ ಮೈಮೇಲೆ ಎನಾಮಲ್ ಲೇಪವಿದೆ, ಅದನ್ನು ಕೆರೆದು ತೆಗೆಯದೆ ಬೆಸುಗೆ ಹಿಡಿಯುವುದೇ ಇಲ್ಲ. ಲಿಪೋ ಬ್ಯಾಟರಿಯ ಕೆಂಪು ಕಪ್ಪು ವೈರುಗಳನ್ನು ಒಟ್ಟಿಗೆ ಹಿಡಿದು ಕತ್ತರಿ ಹಾಕಿದರೆ ಕತ್ತರಿಯೇ ಎರಡನ್ನೂ ಜೋಡಿಸುತ್ತದೆ. ಕತ್ತರಿಯ ಬಾಯಿ ಕರಗಿದ್ದನ್ನು ನಾನು ನೋಡಿದ್ದೇನೆ.

ವೈರಿನ ಕೆಲಸ ಮುಗಿದ ದಿನವೇ ಹೊಲಕ್ಕೆ ಓಡಬೇಡಿ. ಪ್ರೊಪೆಲ್ಲರ್ ಬಿಚ್ಚಿಟ್ಟು, ಸ್ವಿಚ್ಚು ಹಾಕಿ, ಒಬ್ಬರು ಸ್ಟಿಕ್ಕು ಆಡಿಸುತ್ತಿರುವಾಗ ಇನ್ನೊಬ್ಬರು ಹೊಸ ಜೋಡಣೆಯ ಹತ್ತಿರ ವೈರನ್ನು ಅತ್ತಿತ್ತ ಬಾಗಿಸಿ ನೋಡಿ. ಆಮೇಲೆ ರೇಡಿಯೋದ ರೇಂಜ್ ಚೆಕ್ ಗುಂಡಿ ಒತ್ತಿಹಿಡಿದು, ಜೊತೆಗಾರನನ್ನು ವಿಮಾನದ ಬಳಿ ನಿಲ್ಲಿಸಿ, ಮೂವತ್ತು ಹೆಜ್ಜೆ ದೂರ ಹೋಗಿ. ಅಲ್ಲಿಂದ ಸ್ಟಿಕ್ಕು ಆಡಿಸಿದಾಗ ಸರ್ವೋ ಒಂದೇ ಒಂದು ಸಲ ತಡವರಿಸಿದರೂ ವಿಮಾನವನ್ನು ಅಂದು ನೆಲದ ಮೇಲೇ ಬಿಡಿ, ಸಂಜೆ ಕೂತು ಪಿನ್ನು ಕಿತ್ತು ಹೊಸದು ಹಾಕಿ. ಬಿಟ್ಟುಕೊಂಡ ಮೂರು ಬೆರಳಿನಷ್ಟು ವೈರು ಅದಕ್ಕೇ ಇರುವುದು.